ಬಿಸಿನೀರು ತಂದ ಮೂರ್ಛೆ

ಅಭ್ಯಂಗಸ್ನಾನವು ಆರೋಗ್ಯಕ್ಕೆ ಹಿತವೆಂಬ ಮಾತನ್ನು ಹಿರಿಯರ ಬಾಯಿಂದ ಕೇಳದ ಕನ್ನಡಿಗರು ಯಾರೂ ಇರಲಾರರು. ಮೈಗೆ ಎಣ್ಣೆಯೊತ್ತಿಕೊಂಡು, ಹಂಡೆಯ ನೀರನ್ನು ಕಾಯಿಸಿ, ತಲೆಯ ಮೇಲೆ ಧಾರಾಳವಾಗಿ ಎರೆದುಕೊಂಡರೆ ಮೈಯ ಬೇಸರವು ಕಳೆದು ಮನಸ್ಸು ಹಗುರಾಗುವುದೆಂಬುದು ನಮ್ಮೆಲ್ಲರ ಅನುಭವ. ಆದರೆ ಇದೇ ಎರೆನೀರು ಕೆಲವರ ಮಿದುಳಿಗೆ ಒಗ್ಗದೆ ಮೂರ್ಛೆಯನ್ನು ತರುವುದೆಂಬ ಸಂಗತಿಯನ್ನು ಬಹುಮಂದಿ ಅರಿಯರು. ಆ ವಿಚಾರವಾಗಿ ಜಗತ್ತಿನ ವೈದ್ಯಶಾಸ್ತ್ರಕ್ಕೆ ಹೆಚ್ಚಿನ ತಿಳಿವನ್ನು ಒದಗಿಸಿದವರಲ್ಲಿ ನಮ್ಮ ನಾಡಿನ ವೈದ್ಯರೇ ಅಗ್ರಗಣ್ಯರೆಂಬುದನ್ನಂತೂ ಅರಿತವರು ಇನ್ನೂ ಕಡಿಮೆ. ನಾವೂ ಅರಿತಿರಲಿಲ್ಲ. ಅರಿಯದೆ ನಡೆದ ತಪ್ಪೊಂದನ್ನು ಮೊದಲು ಹೇಳಿ, ಆಮೇಲೆ ಶಾಸ್ತ್ರದ ಮಾತಿಗೆ ಬರುವೆವು.

ಕಮಲಾಪುರದ ಬಚ್ಚಲಮನೆಯಲ್ಲಿ

ನಮ್ಮ ವಾಸವು ಕಲಬುರಗಿ ನಗರದಲ್ಲಿ. ಅಲ್ಲಿಂದ ಹುಮನಾಬಾದದ ದಾರಿ ಹಿಡಿದು ಸುಮಾರು 35 ಕಿಲೋಮೀಟರು ಹೋದರೆ ಕಮಲಾಪುರವು ಸಿಕ್ಕುವುದು. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರಿನಲ್ಲಿ ನಮ್ಮ ಬಂಧುಗಳ ಮನೆಯುಂಟು. ಕೆಲವು ವರ್ಷಗಳ ಹಿಂದೆ ದೀಪಾವಳಿಗೆಂದು ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ನರಕಚತುರ್ದಶಿಯ ನಸುಕಿನಲ್ಲಿ ಮಕ್ಕಳಿಗೆ ಒಬ್ಬರಾದ ಮೇಲೊಬ್ಬರಂತೆ ಎಣ್ಣೆ ಹಚ್ಚಿ ನೀರೆರೆಯುವ ಸಂಭ್ರಮವು ನಡೆದಿತ್ತು. ಆ ಮನೆಯ ಹನ್ನೆರಡು ವರ್ಷದ ಹುಡುಗನ ಸರದಿ ಬಂದಿತು. ನಾಲ್ಕೈದು ತಂಬಿಗೆ ನೀರು ತಲೆಯ ಮೇಲೆ ಬೀಳುತ್ತಲೇ ಹುಡುಗನು ನಗುವುದನ್ನು ನಿಲ್ಲಿಸಿ ಎದುರಿನ ಗೋಡೆಯನ್ನು ಎವೆಯಿಕ್ಕದೆ ನೋಡಹತ್ತಿದನು. ಕರೆದರೆ ಓಗೊಡಲಿಲ್ಲ. ಏನನ್ನೋ ಸವಿಯುವವನಂತೆ ತುಟಿಗಳನ್ನು ಆಡಿಸಿದನು. ಅರ್ಥವಿಲ್ಲದ ಎರಡು ಮಾತನ್ನಾಡಿದನು. ಬಳಿಕ ಒಂದು ಮಗ್ಗುಲಿಗೆ ಒರಗಿದನು.

ಮನೆಯಲ್ಲಿ ಹಾಹಾಕಾರವೆದ್ದಿತು. ಅಜ್ಜಿಯು, “ಹುಡುಗಗ ಗಾಳಿ ಬಡದಾದ!” ಎಂದು ಕೂಗಿಕೊಂಡಳು. ಯಾರೋ ಉಳ್ಳಾಗಡ್ಡಿಯನ್ನು ಜಜ್ಜಿ ಮೂಗಿಗೆ ಹಿಡಿದರು. ಓದುಬರಹ ಬಲ್ಲವರೆನಿಸಿಕೊಂಡ ನಾವು ಮಾಡಿದುದಾದರೂ ಏನು? ಕಪಾಟಿನ ಬೀಗದಕೈ ಗೊಂಚಲನ್ನು ತಂದು ಅವನ ಮುಷ್ಟಿಯೊಳಗೆ ತುರುಕಿದೆವು! ಎರಡು ನಿಮಿಷಗಳಲ್ಲಿ ಹುಡುಗನು ಕಣ್ದೆರೆದನು. ಬೀಗದಕೈಯಿಂದಲೇ ಗುಣವಾಯಿತೆಂದು ಎಲ್ಲರೂ ನಂಬಿದರು. ಒಂದು ಗಳಿಗೆ ನಾವೂ ನಂಬಿದೆವು.

ಅಂದಿನಿಂದ ಆ ಮನೆಗೆ ನೆಮ್ಮದಿಯಿಲ್ಲದಾಯಿತು. ಎರಡು ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಬಚ್ಚಲಮನೆಯಲ್ಲಿ ಅದೇ ಸ್ಥಿತಿಯು ಮರುಕಳಿಸುವುದು. ತಾಯಿತವನ್ನು ಕಟ್ಟಿಸಿದರು, ಹರಕೆ ಹೊತ್ತರು, ದಾರಿಯಲ್ಲಿ ಬಿದ್ದಾನೆಂಬ ಭಯದಿಂದ ಶಾಲೆಯನ್ನೂ ಬಿಡಿಸಿದರು. ಹುಡುಗನ ಅಕ್ಕನಿಗೆ ಬಂದಿದ್ದ ಒಳ್ಳೆಯ ಸಂಬಂಧವೊಂದು, “ಆ ಮನೆತನದಲ್ಲಿ ಮೂರ್ಛೆಯುಂಟಂತೆ” ಎಂಬ ಸುದ್ದಿಯು ಹಬ್ಬಿದುದರಿಂದ ತಪ್ಪಿಹೋಯಿತು. ಹೀಗೆ ಎಂಟು ತಿಂಗಳು ಕಳೆದ ಮೇಲೆ ಹುಡುಗನನ್ನು ಕಲಬುರಗಿಗೆ ಕರೆತಂದು ನರರೋಗವನ್ನು ಬಲ್ಲ ವೈದ್ಯರೊಬ್ಬರಿಗೆ ತೋರಿಸಿದೆವು.

ವೈದ್ಯರು ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ತಾಯಿಯ ಕಡೆಗೆ ತಿರುಗಿ, “ಮೂರ್ಛೆ ಬರುವುದಕ್ಕೆ ತುಸು ಮುಂಚೆ ಹುಡುಗನು ಏನು ಮಾಡುತ್ತಿದ್ದನು? ಪ್ರತಿಸಾರಿಯೂ ನೆನಪು ಮಾಡಿಕೊಂಡು ಹೇಳಿರಿ,” ಎಂದರು. ಆಕೆಯು ಸೆರಗಿನ ಚುಂಗನ್ನು ಹಿಡಿದುಕೊಂಡು, “ತಲಿ ಮ್ಯಾಲ ಬಿಸಿನೀರು ಹಾಕಿದಾಗಷ್ಟೇರಿ ಸಾಹೇಬ್ರೆ. ಬರೇ ಮೈ ತೊಳಕೊಂಡ ದಿನ ಏನೂ ಆಗಂಗಿಲ್ಲ. ಬ್ಯಾಸಗ್ಯಾಗ ತಣ್ಣೀರಿಲೆ ತಲಿ ತೊಳದಾಗೂ ಆಗಲಿಲ್ಲ,” ಎಂದಳು. ವೈದ್ಯರ ಮುಖವು ಅರಳಿತು. ಎಂಟು ತಿಂಗಳಿಂದ ಆ ತಾಯಿಯು ಈ ಸಂಗತಿಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದಳು. ಅವಳನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ! ಅವಳ ಆ ಮೂರು ಮಾತುಗಳಲ್ಲಿಯೇ ರೋಗದ ಹೆಸರು ಅಡಗಿದ್ದಿತು. ಅದನ್ನು ವೈದ್ಯಶಾಸ್ತ್ರದಲ್ಲಿ ‘ಬಿಸಿನೀರಿನ ಮೂರ್ಛೆರೋಗ’ ಎಂದೇ ಕರೆಯುವರು.

ಮಿದುಳಿನೊಳಗಿನ ವ್ಯಾಪಾರ

ಮೂರ್ಛೆಯೆಂದರೇನು? ನಮ್ಮ ಪ್ರಾಚೀನ ವೈದ್ಯರು ಇದನ್ನು ‘ಅಪಸ್ಮಾರ’ವೆಂದರು; ಸ್ಮೃತಿಯು ತಪ್ಪುವುದೆಂದು ಅದರ ಅರ್ಥ. ಸ್ಮೃತಿಯು ತಪ್ಪುವುದೇಕೆಂಬುದಕ್ಕೆ ಉತ್ತರವು ಮಿದುಳಿನಲ್ಲಿದೆ. ವಯಸ್ಕನ ಮಿದುಳು ಒಂದೂಕಾಲು ಒಂದೂವರೆ ಕಿಲೋಗ್ರಾಂ ತೂಗುವುದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಆದರೂ, ಮೈಯು ವಿಶ್ರಾಂತಿಯಲ್ಲಿರುವಾಗ ವೆಚ್ಚವಾಗುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಇದೊಂದೇ ಕಬಳಿಸುವುದು. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುವೆಂದು ಲೆಕ್ಕಹಾಕಿರುವರು. ಒಂದೊಂದು ಕೋಶವೂ ಅತ್ಯಲ್ಪವಾದ ವಿದ್ಯುತ್ತನ್ನು ಹುಟ್ಟಿಸಿ, ಕೆಲವು ರಾಸಾಯನಿಕ ವಸ್ತುಗಳ ಮೂಲಕ ನೆರೆಯ ಕೋಶಗಳಿಗೆ ಸುದ್ದಿಯನ್ನು ಮುಟ್ಟಿಸುವುದು. ಈ ವಸ್ತುಗಳಲ್ಲಿ ಕೋಶವನ್ನು ಎಬ್ಬಿಸತಕ್ಕವು ಕೆಲವು, ಸುಮ್ಮನಾಗಿಸತಕ್ಕವು ಕೆಲವು. ಇವೆರಡರ ಸಮತೂಕದಿಂದಲೇ ನಾವು ನೋಡುವುದು, ನುಡಿಯುವುದು, ನೆನೆಯುವುದು ಎಲ್ಲವೂ ನಡೆಯುವುದು.

ಸಂತೆಯಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ವ್ಯವಹಾರವನ್ನು ಮಾತನಾಡುತ್ತಿರುವವರೆಗೆ ಕೊಡುಕೊಳ್ಳುವಿಕೆಯು ಸಾಗುವುದು; ಎಲ್ಲರೂ ಒಮ್ಮೆಗೇ ಒಂದೇ ಕೂಗನ್ನು ಕೂಗತೊಡಗಿದರೆ ಸಂತೆಯು ನಿಂತೇಹೋಗುವುದು. ಮಿದುಳಿನ ಒಂದು ಭಾಗದ ಅಸಂಖ್ಯಾತ ಕೋಶಗಳು ಸಮತೂಕವನ್ನು ಕಳೆದುಕೊಂಡು ಏಕಕಾಲದಲ್ಲಿ ವಿದ್ಯುತ್ತನ್ನು ಹೊಮ್ಮಿಸಿದಾಗ ಆಗುವುದೂ ಹೀಗೆಯೇ. ಆ ಕೋಲಾಹಲವು ಒಂದು ಮೂಲೆಯಲ್ಲಿಯೇ ನಿಂತರೆ ಮನುಷ್ಯನು ದಿಟ್ಟಿಸಿ ನೋಡುವನು, ತುಟಿಯಾಡಿಸುವನು, ಏನೇನೋ ನುಡಿಯುವನು. ಮಿದುಳನ್ನೆಲ್ಲ ವ್ಯಾಪಿಸಿದರೆ ಬಿದ್ದು ಕೈಕಾಲುಗಳನ್ನು ಸೆಳೆಯುವನು. ಅದು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಶಾಂತವಾಗುವುದು. ಆ ಹೊತ್ತಿಗೆ ಸರಿಯಾಗಿ ಕೈಗೆ ಬಂದ ಬೀಗದಕೈಗೆ ಕೀರ್ತಿಯು ದೊರಕುವುದು, ಅಷ್ಟೆ!

ಈ ವಿದ್ಯುತ್ತನ್ನು ಮನುಷ್ಯನ ತಲೆಯ ಮೇಲಿನಿಂದಲೇ ಅಳೆಯಬಹುದೆಂದು ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಕಂಡುಕೊಂಡು 1929ರಲ್ಲಿ ಪ್ರಕಟಿಸಿದರು. ಈಗ ಇ.ಇ.ಜಿ. ಎಂದು ಕರೆಯುವ ಪರೀಕ್ಷೆಯು ಅದೇ. ಅಲ್ಲಿಂದೀಚೆಗೆ ಮಿದುಳಿನ ಶೋಧವು ಬಹುದೂರ ಸಾಗಿರುವುದು. 2023ರಲ್ಲಿ ಸಂಶೋಧಕರ ದೊಡ್ಡ ಸಮೂಹವೊಂದು ಮನುಷ್ಯನ ಮಿದುಳಿನಲ್ಲಿ 3,000ಕ್ಕೂ ಮಿಕ್ಕಿದ ಬಗೆಯ ಕೋಶಗಳನ್ನು ಗುರುತಿಸಿ ನಕಾಶೆಯನ್ನು ಹೊರತಂದಿತು. 2024ರಲ್ಲಿ ಹಣ್ಣಿನ ನೊಣವೊಂದರ ಮಿದುಳಿನ 1,39,255 ನರಕೋಶಗಳನ್ನೂ ಅವುಗಳ ನಡುವಣ ಸಂಬಂಧಗಳನ್ನೂ ಪೂರ್ತಿಯಾಗಿ ಚಿತ್ರಿಸಿದರು. ಬಾಳೆಹಣ್ಣಿನ ಮೇಲೆ ಮುತ್ತುವ ನೊಣದ ಎಳ್ಳುಕಾಳಿಗಿಂತ ಚಿಕ್ಕದಾದ ಮಿದುಳಿನಲ್ಲಿ ಇಷ್ಟೊಂದು ಹೆಣಿಗೆಯಿದ್ದರೆ, ಮನುಷ್ಯನ ಮಿದುಳಿನ ಪಾಡೇನು! ಇಂತಹ ಶೋಧಗಳಿಗೆ ಮಹಾಯಂತ್ರಗಳು ಬೇಕು. ಆದರೆ ಕನ್ನಡನಾಡಿನಲ್ಲಿ ನಡೆದ ಶೋಧವೊಂದು ಮನೆಯ ಬಚ್ಚಲಿನಿಂದ ಆರಂಭವಾಯಿತು.

ನಮ್ಮ ನಾಡಿನ ಶೋಧ

ಬಿಸಿನೀರಿನಿಂದ ಮೂರ್ಛೆ ಬರುವ ಸಂಗತಿಯನ್ನು ವೈದ್ಯಪತ್ರಿಕೆಗಳಲ್ಲಿ ಮೊದಲು ವರದಿಮಾಡಿದವರು ನ್ಯೂಜಿಲೆಂಡಿನ ಆಲೆನ್ ಎಂಬವರು. 1945ರಲ್ಲಿ ಅವರು ಹತ್ತು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಬರೆದರು. ಪಾಶ್ಚಾತ್ಯರಿಗೆ ಇದೊಂದು ವಿಚಿತ್ರವಾಗಿ ಮಾತ್ರ ತೋರಿತು. ಬೆಂಗಳೂರಿನ ನರರೋಗತಜ್ಞರಾದ ಡಾ. ಕೆ. ಎಸ್. ಮಣಿಯವರಿಗಾದರೋ ಇಂತಹ ರೋಗಿಗಳು ಮೇಲಿಂದ ಮೇಲೆ ಕಾಣಿಸಹತ್ತಿದರು. ಅವರು 1968ರಲ್ಲಿ ಈ ರೋಗದ ಮೊದಲ ವರದಿಯನ್ನೂ, 1972ರಲ್ಲಿ 60 ಮಂದಿ ರೋಗಿಗಳ ವಿವರವನ್ನೂ ಪ್ರಕಟಿಸಿದರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಈ ಕಾರ್ಯವನ್ನು ಮುಂದುವರಿಸಿ, 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಲೋಕದ ಮುಂದಿಟ್ಟರು.

ಆ ಅಧ್ಯಯನಗಳಿಂದ ತಿಳಿದುಬಂದ ಸಂಗತಿಗಳು ಗೃಹಸ್ಥರ ಗಮನಕ್ಕೆ ಯೋಗ್ಯವಾಗಿವೆ. ರೋಗಿಗಳಲ್ಲಿ ಹುಡುಗರೂ ಗಂಡಸರೂ ಹೆಚ್ಚು. ಹೆಂಗಸರ ಎರಡು ಪಾಲಿಗೂ ಮಿಕ್ಕಿ. ಬಹುಮಂದಿಯಲ್ಲಿ ಇದು ಬಾಲ್ಯದಲ್ಲಿಯೋ ಹರೆಯದ ಆರಂಭದಲ್ಲಿಯೋ ತಲೆದೋರುವುದು. 40ರಿಂದ 50 ಡಿಗ್ರಿ ಸೆಲ್ಸಿಯಸ್ ಕಾವಿನ ನೀರನ್ನು ತಲೆಯ ಮೇಲೆ ಬೇಗಬೇಗನೆ ಎರೆದುಕೊಳ್ಳುವಾಗ ಮೂರ್ಛೆಯು ಬರುವುದು. ಹೆಚ್ಚಿನವರಲ್ಲಿ ಬೀಳುವಿಕೆಗಿಂತ ಮಂಕುಕವಿದು ದಿಟ್ಟಿಸುವ ಬಗೆಯೇ ಪ್ರಧಾನವಾದುದು. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖವೆನಿಸಿ, ನಿಲ್ಲಿಸದೆ ಇನ್ನಷ್ಟು ನೀರನ್ನು ಸುರಿದುಕೊಳ್ಳುವುದೂ ಉಂಟು. ಅದನ್ನು ಹಟವೆಂದು ತಿಳಿದು ಹೊಡೆಯುವ ತಂದೆತಾಯಿಗಳು ಈ ಮಾತನ್ನು ಲಕ್ಷ್ಯದಲ್ಲಿಡತಕ್ಕದ್ದು. ವರದಿಯಾದ ರೋಗಿಗಳಲ್ಲಿ ಹೆಚ್ಚು ಮಂದಿ ದಕ್ಷಿಣ ಕರ್ನಾಟಕದವರು. ಯಳಂದೂರಿನ ಸುತ್ತಣ 64,963 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದ ಡಾ. ಮಣಿಯವರ ಸಮೀಕ್ಷೆಯಲ್ಲಿ, ಮೂರ್ಛೆರೋಗವಿದ್ದವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿಗೆ ಬಿಸಿನೀರೇ ನಿಮಿತ್ತವಾಗಿದ್ದಿತು. ತುರ್ಕಿ, ಜಪಾನು ಮೊದಲಾದ ದೇಶಗಳಿಂದಲೂ ಇಂತಹ ರೋಗಿಗಳ ವರದಿಗಳು ಬಂದಿರುವುದರಿಂದ, ಇದು ಒಂದು ಸೀಮೆಯ ಸ್ವತ್ತಲ್ಲವೆಂಬುದು ಸ್ಪಷ್ಟ.

ಕಮಲಾಪುರದ ಮನೆಯ ಮುತ್ಯಾ ಅವರು ವೈದ್ಯರನ್ನು ಒಂದು ಪ್ರಶ್ನೆ ಕೇಳಿದ್ದರು: “ನಮ್ಮ ಕಲಬುರ್ಗಿ ಬಿಸಲು ನಲವತ್ತರ ಮ್ಯಾಲ ಹೋಗ್ತದ. ಆ ಬಿಸಲಾಗ ದಿನಪೂರ್ತಿ ಆಡಿದ ಹುಡುಗಗ ಏನೂ ಆಗಲಿಲ್ಲ. ನಾಕು ತಂಬಿಗಿ ನೀರಿಗೆ ಹ್ಯಾಂಗ ಆಯ್ತರಿ?” ಪ್ರಶ್ನೆಯು ಸರಿಯಾದುದೇ. ಬಿಸಿಲಿನ ಕಾವು ಮೈಗೆ ನಿಧಾನವಾಗಿ ಏರುವುದು. ಬೆವರು ಸುರಿದು ದೇಹವು ತನ್ನನ್ನು ತಾನು ತಂಪುಮಾಡಿಕೊಳ್ಳುವುದು. ಎರೆನೀರಿನ ಕಾವಾದರೋ ತಲೆಯ ಮೇಲೆಯೇ ಥಟ್ಟನೆ ಬೀಳುವುದು. ಕಾವಿನ ಜೊತೆಗೆ ನೀರಿನ ಸ್ಪರ್ಶವೂ ಬಡಿತವೂ ಸೇರುವುವು. ಶಾಖವನ್ನು ಹದಮಾಡುವ ಮಿದುಳಿನ ವ್ಯವಸ್ಥೆಯು ಹುಟ್ಟಿನಿಂದಲೇ ಕೊಂಚ ಅತಿಸೂಕ್ಷ್ಮವಾಗಿದ್ದವರಲ್ಲಿ ಈ ಹಠಾತ್ತಾದ ಏರಿಕೆಯು ಮೂರ್ಛೆಯನ್ನು ಕೆರಳಿಸುವುದೆಂದು ಸಂಶೋಧಕರ ಅಭಿಪ್ರಾಯ. ಮೂರ್ಛೆಯ ಹೊತ್ತಿನಲ್ಲಿಯೇ ಕೆಲವು ರೋಗಿಗಳ ಮಿದುಳಿನ ಚಿತ್ರವನ್ನು ತೆಗೆದು ನೋಡಲಾಗಿ, ಕಿವಿಯ ಒಳಪಕ್ಕಕ್ಕಿರುವ ಭಾಗದಲ್ಲಿಯೂ, ಮೈಯ ಕಾವನ್ನು ಆಳುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿಯೂ ರಕ್ತಸಂಚಾರವು ಹೆಚ್ಚಿದುದು ಕಂಡುಬಂದಿತು.

ಒಂದೇ ಮನೆತನದಲ್ಲಿ ಹಲವರಿಗೆ ಈ ರೋಗವಿರುವುದನ್ನು ಕಂಡು, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಅವರ ಸಂಗಡಿಗರು ನಿಮ್ಹಾನ್ಸಿನ ವೈದ್ಯರೊಡಗೂಡಿ ಅದರ ಮೂಲವನ್ನು ಅರಸಹೊರಟರು. 2009ರಲ್ಲಿ ಮನುಷ್ಯನ 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಈ ರೋಗಕ್ಕೆ ಸಂಬಂಧಪಟ್ಟ ತಾಣಗಳಿರುವುದನ್ನು ಅವರು ತೋರಿಸಿದರು. 2017ರಲ್ಲಿ ಎಸ್.ಎಲ್.ಸಿ.1ಎ1 ಎಂಬ ಜೀನಿನಲ್ಲಿ ಕೆಲವು ರೋಗಿಗಳಲ್ಲಿರುವ ಅಪರೂಪದ ವ್ಯತ್ಯಾಸಗಳನ್ನು ವರದಿಮಾಡಿದರು. ಕೋಶಗಳನ್ನು ಎಬ್ಬಿಸುವ ಗ್ಲುಟಮೇಟ್ ಎಂಬ ರಾಸಾಯನಿಕವುಂಟಷ್ಟೆ. ಅದರ ಕೆಲಸ ಮುಗಿದೊಡನೆ ಅದನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಸಾಧನವನ್ನು ನಿರ್ಮಿಸುವುದೇ ಈ ಜೀನಿನ ಕಾರ್ಯ. ಆ ಸಾಧನದಲ್ಲಿ ಲೋಪವಿದ್ದರೆ ಎಬ್ಬಿಸುವ ವಸ್ತುವೇ ಮೇಲುಗೈಯಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೂ ಎಲ್ಲ ರೋಗಿಗಳಲ್ಲಿಯೂ ಕಾರಣವು ಇದೊಂದೇ ಅಲ್ಲ. ಮನೆತನದಲ್ಲಿ ಮತ್ತಾರಿಗೂ ಇಲ್ಲದೆ ಒಬ್ಬರಿಗೇ ಬರುವುದೇ ಹೆಚ್ಚು.

ಮನೆಯವರು ಮಾಡತಕ್ಕುದೇನು?

ಈ ರೋಗಕ್ಕೆ ಮೊದಲನೆಯ ಮದ್ದು ದುಡ್ಡಿಲ್ಲದ ಮದ್ದು. ತಲೆಗೆ ಎರೆಯುವ ನೀರು ಉಗುರುಬೆಚ್ಚಗಿರಲಿ; ಸುರಿಯುವ ಮೊದಲು ಮೊಣಕೈಯನ್ನದ್ದಿ ಕಾವನ್ನು ನೋಡಿರಿ. ಕಾಲಿಗೆ, ಮೈಗೆ ಮೊದಲು ಹಾಕಿಕೊಂಡು, ತಲೆಗೆ ಕಡೆಯಲ್ಲಿ ನಿಧಾನವಾಗಿ ಹಾಕಿಕೊಳ್ಳತಕ್ಕದ್ದು. ಇಷ್ಟರಿಂದಲೇ ಅನೇಕರಿಗೆ ಗುಣವು ಕಂಡುಬರುವುದು. ಸಾಲದಿದ್ದರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಔಷಧವನ್ನು ಕೊಡುವ ಕ್ರಮವನ್ನು ನಿಮ್ಹಾನ್ಸಿನ ವೈದ್ಯರು ರೂಢಿಗೆ ತಂದಿರುವರು. ಇದನ್ನು ವೈದ್ಯರ ಅಪ್ಪಣೆಯಿಲ್ಲದೆ ತೆಗೆದುಕೊಳ್ಳಬಾರದು. ಕೆಲವರಿಗೆ ವರ್ಷಗಳು ಕಳೆದ ಮೇಲೆ ಬಿಸಿನೀರಿನ ನಿಮಿತ್ತವಿಲ್ಲದೆಯೂ ಮೂರ್ಛೆಯು ಬರುವುದುಂಟು. ಅಂಥವರಿಗೆ ದಿನದಿನದ ಔಷಧವು ಬೇಕಾಗುವುದು. ಅದನ್ನು ತಟಕ್ಕನೆ ನಿಲ್ಲಿಸುವುದು ಅಪಾಯಕರ. ಮೂರ್ಛೆಯುಳ್ಳವರು ಬಚ್ಚಲಮನೆಯ ಚಿಲುಕವನ್ನು ಒಳಗಿನಿಂದ ಹಾಕಿಕೊಳ್ಳಬಾರದು. ಉರಿಯುವ ಒಲೆಯೂ ಕುದಿಯುವ ಹಂಡೆಯೂ ಮಗ್ಗುಲಲ್ಲಿಯೇ ಇರಬಾರದು.

ಯಾವ ಬಗೆಯ ಮೂರ್ಛೆಯೇ ಬರಲಿ, ಸಮೀಪದಲ್ಲಿದ್ದವರು ಗಾಬರಿಯಾಗದೆ ಗಡಿಯಾರವನ್ನು ನೋಡಿಕೊಳ್ಳಬೇಕು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಕೊರಳಿನ ಗುಂಡಿಯನ್ನು ಸಡಿಲಿಸಬೇಕು. ಬಾಯಿಗೆ ನೀರು, ಚಮಚ, ಬೆರಳು ಯಾವುದನ್ನೂ ಹಾಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಉಳ್ಳಾಗಡ್ಡಿ, ಚಪ್ಪಲಿ, ಕಬ್ಬಿಣಗಳಿಂದ ಯಾವ ಪ್ರಯೋಜನವೂ ಇಲ್ಲ. ಐದು ನಿಮಿಷವಾದರೂ ಸೆಳವು ನಿಲ್ಲದಿದ್ದರೆ, ಅಥವಾ ಒಂದರ ಬೆನ್ನಿಗೆ ಇನ್ನೊಂದು ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೊತ್ತಮೊದಲನೆಯ ಸಾರಿ ಬಂದುದಾದರೆ ಅದು ಬೇಗ ನಿಂತರೂ ವೈದ್ಯರಿಗೆ ತೋರಿಸಲೇಬೇಕು.

ಎಲ್ಲಕ್ಕೂ ಮಿಗಿಲಾದುದು ಮನೆಯವರ ಕಣ್ಣು. ವೈದ್ಯರಿಗೆ ಮೂರ್ಛೆಯು ಎದುರಿಗೆ ಕಾಣಿಸುವುದು ಅಪರೂಪ. ಈ ರೋಗಿಗಳಲ್ಲಿ ಅನೇಕರ ಇ.ಇ.ಜಿ.ಯೂ ಮಿದುಳಿನ ಚಿತ್ರವೂ ಉಳಿದ ವೇಳೆಯಲ್ಲಿ ನಿರ್ದೋಷವಾಗಿಯೇ ಇರುವುವು. ಆದಕಾರಣ ಮೂರ್ಛೆಯ ಮುಂಚೆ ಏನಾಗುತ್ತಿತ್ತು, ಎಷ್ಟು ಹೊತ್ತು ಇತ್ತು, ಕಣ್ಣು ಎತ್ತ ತಿರುಗಿತ್ತು, ನಿದ್ದೆಗೆಟ್ಟಿದ್ದನೇ, ಜ್ವರವಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅದು ಯಂತ್ರಕ್ಕಿಂತ ಹೆಚ್ಚಿನ ಸಾಕ್ಷಿಯಾಗುವುದು. ಈಗ ಮನೆಮನೆಗೂ ಮೊಬೈಲ್ ಫೋನು ಬಂದಿರುವುದರಿಂದ ಆ ಎರಡು ನಿಮಿಷಗಳ ಚಿತ್ರವನ್ನು ಹಿಡಿದಿಟ್ಟು ವೈದ್ಯರಿಗೆ ತೋರಿಸುವುದು ಇನ್ನೂ ಉತ್ತಮ.

ಕಳಂಕದ ಮಾತು

ಮೂರ್ಛೆಗಿಂತ ಮೂರ್ಛೆಯ ಹೆಸರೇ ಹೆಚ್ಚು ನೋಯಿಸುವುದು. ಲೋಕದಲ್ಲಿ ಸುಮಾರು 5 ಕೋಟಿ ಮಂದಿಗೆ ಮೂರ್ಛೆರೋಗವಿರುವುದೆಂದೂ, ತಕ್ಕ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಡಾ. ಗೌರಿದೇವಿಯವರು ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 1,02,557 ಮಂದಿಯನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂರ್ಛೆರೋಗವು ನಗರದಲ್ಲಿ ಸಾವಿರಕ್ಕೆ 5.7 ಮಂದಿಗೂ ಹಳ್ಳಿಗಳಲ್ಲಿ ಸಾವಿರಕ್ಕೆ 11.9 ಮಂದಿಗೂ ಇದ್ದಿತು. ನರರೋಗದ ವೈದ್ಯರು ನೆಲಸಿರುವುದಾದರೋ ನಗರಗಳಲ್ಲಿ! ಹಳ್ಳಿಯವರು ತಾಯಿತವನ್ನು ಹುಡುಕುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ, ದೂರವೂ ಕಾರಣವೆಂಬುದನ್ನು ನಾವು ಒಪ್ಪಬೇಕು.

ವಿವಾಹದ ವಿಷಯದಲ್ಲಿಯೂ ಒಂದು ಮಾತುಂಟು. ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಸಾಲಿಗೆ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆದಿದ್ದರು. 1999ರ ತಿದ್ದುಪಡಿಯು ಆ ಮಾತನ್ನು ತೆಗೆದುಹಾಕಿತು. ಕಾನೂನಿನ ಪುಸ್ತಕದಿಂದ ಅಳಿಸಿಹೋದ ಅಕ್ಷರವು ನಮ್ಮ ಮನಸ್ಸಿನಿಂದ ಇನ್ನೂ ಅಳಿಸಿಹೋಗದಿರುವುದು ನಾಚಿಕೆಯ ಸಂಗತಿ. ತಮ್ಮನಿಗೆ ಬಚ್ಚಲಮನೆಯಲ್ಲಿ ಎರಡು ನಿಮಿಷ ಮಂಕು ಕವಿದುದಕ್ಕಾಗಿ ಅಕ್ಕನ ಕೊರಳಿಗೆ ಬರಬೇಕಾದ ಮಾಂಗಲ್ಯವು ತಪ್ಪಿಹೋಗುವುದು ಯಾವ ನ್ಯಾಯ?

ಕಮಲಾಪುರದ ಹುಡುಗನ ಸಂಗತಿಯನ್ನು ಹೇಳಿ ಮುಗಿಸುವೆವು. ವೈದ್ಯರು ಹೇಳಿದಂತೆ ನೀರಿನ ಕಾವನ್ನು ತಗ್ಗಿಸಿ, ತಲೆಸ್ನಾನದ ದಿನ ಮಾತ್ರ ಔಷಧವನ್ನು ಕೊಡುತ್ತ ಬಂದರು. ನಡುವೆ ಒಮ್ಮೆ ಮಾತ್ರ, ಬಂಧುಗಳ ಮನೆಯಲ್ಲಿ ಯಾರೋ ಅರಿಯದೆ ಸುಡುನೀರನ್ನು ಸುರಿದಾಗ, ಮೂರ್ಛೆಯು ಬಂದಿತು. ಆಮೇಲೆ ಬರಲಿಲ್ಲ. ಅವನು ಶಾಲೆಗೆ ಮರಳಿ, ಕಳೆದುಹೋದ ಪಾಠಗಳನ್ನು ಕೂಡಿಸಿಕೊಂಡು ಮೇಲಿನ ತರಗತಿಗೆ ಹೋಗಿರುವನು. ಅಕ್ಕನಿಗೆ ಮಾತ್ರ ಆ ಮೊದಲಿನ ಸಂಬಂಧವು ಮರಳಿ ಬರಲಿಲ್ಲ. ಅದರ ನೋವು ಆ ಮನೆಯಲ್ಲಿ ಇನ್ನೂ ಉಂಟು. ಮರುವರ್ಷದ ದೀಪಾವಳಿಗೆ ನಾವು ಪುನಃ ಅಲ್ಲಿಗೆ ಹೋಗಿದ್ದೆವು. ನಸುಕಿನಲ್ಲಿ ಆ ತಾಯಿಯು ಹಂಡೆಯಿಂದ ನೀರನ್ನು ತೋಡಿ, ಬಕೀಟಿನಲ್ಲಿ ತಣ್ಣೀರು ಬೆರೆಸಿ, ಮೊಣಕೈಯನ್ನದ್ದಿ ನೋಡಿ, ಮಗನ ನೆತ್ತಿಯ ಮೇಲೆ ಮೆಲ್ಲಗೆ ಎರೆದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯು, “ಇನ್ನೊಂದು ತಂಬಿಗಿ ಹಾಕವ್ವ,” ಎಂದಳು. ಬೀಗದಕೈ ಗೊಂಚಲು ಗೋಡೆಯ ಮೊಳೆಯಲ್ಲಿಯೇ ತೂಗುತ್ತಿದ್ದಿತು.